ಮೊದಲು ಸೈಡರ್, ಆಮೇಲೆ ಬಿಯರ್

ಬ್ರಿಟನ್ನಿಗೆ ಹೊಸದಾಗಿ ಬಂದಿದ್ದೀರಿ, ಚಳಿಗಾಲದ ಸಂಜೆ ಹೊತ್ತೇ ಹೋಗಲ್ಲ, ಮನೆಯಲ್ಲೇ ಬಿಯರೋ ಸೈಡರೋ (ಸೇಬಿನ ರಸ ಹುದುಗಿಸಿದ ಮದ್ಯ) ಮಾಡಿದರೆ ಪೊಲೀಸರು ಬರುತ್ತಾರಾ ಅಂತ ಕೇಳಿದ್ದೀರಿ. ಬರಲ್ಲ. ಮನೆಯಲ್ಲಿ ಬಿಯರ್ ಮಾಡಲು ಬೇಕಿದ್ದ ಲೈಸೆನ್ಸ್ 1963ರಲ್ಲೇ ರದ್ದಾಗಿದೆ. ನಿಮ್ಮ ಮನೆ ಮಟ್ಟಿಗೆ ಧಾರಾಳವಾಗಿ ಮಾಡಿಕೊಳ್ಳಿ; ಮಾರುವಂತಿಲ್ಲ, ಅಷ್ಟೇ. ಭಟ್ಟಿ ಇಳಿಸುವುದು ಮಾತ್ರ ಲೈಸೆನ್ಸ್ ಇಲ್ಲದಿದ್ದರೆ ಅಪರಾಧ, ಆ ಕಡೆ ತಲೆ ಹಾಕಬೇಡಿ.

ಬಿಯರಿನಿಂದ ಶುರು ಮಾಡಬೇಡಿ ಅಂತಲೇ ನನ್ನ ಸಲಹೆ. ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 65–67 ಡಿಗ್ರಿ ನೀರಲ್ಲಿ ಒಂದು ಗಂಟೆ ನೆನೆಸಬೇಕು, ಸೋಸಬೇಕು, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಹಾಕಿ ಮತ್ತೊಂದು ಗಂಟೆ ಕುದಿಸಬೇಕು, ಆಮೇಲೆ ಬೇಗ ತಣಿಸಬೇಕು. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಅರ್ಧ ದಿನ ಹೋಯಿತು. ಸೈಡರಿಗೆ ಒಲೆಯೇ ಬೇಡ: ಸೇಬಿನ ರಸ, ಅದರ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಯೀಸ್ಟ್, ಐದು ಲೀಟರಿನ ಜಾಡಿ, ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಏರ್‌ಲಾಕ್. ರಸದ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿಯೇ ಕೊಳ್ಳಿ. ಕೆಡದಂತೆ ಹಾಕುವ ಪೊಟ್ಯಾಶಿಯಂ ಸಾರ್ಬೇಟ್ ಅಥವಾ ಸೋಡಿಯಂ ಬೆಂಜೋಯೇಟ್ ಇದ್ದರೆ ಯೀಸ್ಟ್ ಏಳುವುದೇ ಕಷ್ಟ. ವಿಟಮಿನ್ ಸಿ ಇದ್ದರೆ ಪರವಾಗಿಲ್ಲ.

ಜಾಡಿ, ಕೊಳವೆ, ಮುಚ್ಚಳ ಎಲ್ಲವನ್ನೂ ಮೊದಲು ತೊಳೆದು, ಆಮೇಲೆ ಬ್ರೂಯಿಂಗಿಗೆಂದೇ ಸಿಗುವ ಸ್ಯಾನಿಟೈಸರಿನಲ್ಲಿ ಅದ್ದಿ. ಇದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಜಾಡಿಗೆ ರಸ, ಯೀಸ್ಟ್ ಹಾಕಿ, ಏರ್‌ಲಾಕ್ ಕೂರಿಸಿ, 18–20 ಡಿಗ್ರಿ ಇರುವ ಮೂಲೆಯಲ್ಲಿಡಿ. ಕೊಳೆತ ಮೊಟ್ಟೆಯ ವಾಸನೆ ಬಂತು ಅಂತ ಚೆಲ್ಲಬೇಡಿ. ಅದು ಯೀಸ್ಟ್ ಬಿಡುವ ಗಂಧಕದ ವಾಸನೆ, ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಗುಳ್ಳೆ ನಿಂತಿತು ಅಂದಾಕ್ಷಣ ಬಾಟಲಿಗೆ ತುಂಬುವುದು ಅಪಾಯ. ರಸದಲ್ಲಿ ಸಕ್ಕರೆ ಉಳಿದಿದ್ದರೆ ಯೀಸ್ಟ್ ಮುಚ್ಚಿದ ಬಾಟಲಿಯೊಳಗೂ ಗ್ಯಾಸ್ ಮಾಡುತ್ತಲೇ ಇರುತ್ತದೆ, ಕೊನೆಗೆ ಗಾಜು ಸಿಡಿಯುತ್ತದೆ. ಅದಕ್ಕೇ ಹೈಡ್ರೋಮೀಟರ್ ಬೇಕು; ನೀರನ್ನು 1.000 ಅಂತ ಇಟ್ಟುಕೊಂಡು ರಸದ ಸಾಂದ್ರತೆ ಅಳೆಯುವ ಗಾಜಿನ ಕಡ್ಡಿ ಅದು, ಸಕ್ಕರೆ ಕರಗಿದಂತೆ ಅಂಕಿ ಇಳಿಯುತ್ತದೆ. ಯೀಸ್ಟ್ ಹಾಕುವ ಮೊದಲು 1.048 ತೋರಿಸಿದ್ದು 1.000ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 6.3. ಎರಡು-ಮೂರು ದಿನ ಬಿಟ್ಟು ಮತ್ತೆ ಅಳೆದಾಗಲೂ ಅಂಕಿ ಅಲ್ಲಾಡಿಲ್ಲವೇ? ಈಗ ತುಂಬಿ. ನೊರೆ ಬೇಕಿದ್ದರೆ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ, ತೂಕ ಮಾಡಿಯೇ ಹಾಕಿ. ಮೊದಲ ಸಲ ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯೇ ಸಾಕು. ಕೈಯಲ್ಲಿ ಒತ್ತಿ ನೋಡಿದರೆ ಒಳಗಿನ ಒತ್ತಡ ಗೊತ್ತಾಗುತ್ತದೆ. ಕಲ್ಲಿನಂತೆ ಗಟ್ಟಿಯಾದ ಮೇಲೆ ಫ್ರಿಜ್ಜಿಗೆ ಸೇರಿಸಿ.

ಇಷ್ಟು ಕೈಗೆ ಹತ್ತಿದ ಮೇಲೆ ಹಾಪ್ಸ್ ಸೇರಿಸಿಯೇ ಬರುವ ಮಾಲ್ಟ್ ಸಾರದ ಡಬ್ಬಿ ತಂದು ಬಿಯರ್ ಮಾಡಿ. ಅದರಲ್ಲಿ ನೆನೆಸುವ, ಗಂಟೆಗಟ್ಟಲೆ ಕುದಿಸುವ ಕೆಲಸ ಇರಲ್ಲ, ಮಿಕ್ಕಿದ್ದೆಲ್ಲ ಸೈಡರಿನದೇ ಕ್ರಮ. ಯೀಸ್ಟ್ ಹಾಕುವ ಮೊದಲು ಹೈಡ್ರೋಮೀಟರ್ ಎಷ್ಟು ತೋರಿಸಿತು ಅಂತ ಬರೆದು ತಿಳಿಸಿ, ಅಲ್ಲಿಂದ ಮುಂದೆ ನೋಡೋಣ.