ಗೌರಿಹೂವಿನ ಬಳ್ಳಿ ಒಣಗಿದೆ, ಗಡ್ಡೆ ಸತ್ತಿಲ್ಲ

ಪ್ರಶ್ನೆ: ಬೇಲಿಯಂಚಿನಿಂದ ತಂದು ಕುಂಡದಲ್ಲಿ ನೆಟ್ಟಿದ್ದ ಬಳ್ಳಿಯೊಂದು ಗೌರಿಹಬ್ಬದ ಹೊತ್ತಿಗೆ ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಹೂಗಳನ್ನು ಬಿಟ್ಟಿತು. ದೀಪಾವಳಿ ಕಳೆದ ಮೇಲೆ ಬುಡದವರೆಗೂ ಒಣಗಿಹೋಗಿದೆ. ದಿನವೂ ನೀರು ಹಾಕಿದರೂ ಚಿಗುರುತ್ತಿಲ್ಲ. ಇದು ಯಾವ ಗಿಡ, ಉಳಿಯುತ್ತದೆಯೇ? ಚಿತ್ರ ಲಗತ್ತಿಸಿದ್ದೇನೆ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ನೀರು ಹಾಕುವುದನ್ನು ಇಂದೇ ನಿಲ್ಲಿಸಿ. ಬಳ್ಳಿ ಒಣಗಿರುವುದು ರೋಗದಿಂದಲ್ಲ. ಮಳೆಗಾಲ ಮುಗಿದ ಮೇಲೆ ಮಣ್ಣಿನೊಳಗಿನ ಗಡ್ಡೆ ವಿಶ್ರಾಂತಿಗೆ ಇಳಿಯುವುದು ಈ ಗಿಡದ ಸ್ವಭಾವ, ಆಗ ತೇವ ಹೆಚ್ಚಾದರೆ ಗಡ್ಡೆ ಕೊಳೆಯುತ್ತದೆ.

ನಿಮ್ಮದು ಅಗ್ನಿಶಿಖೆ, ಅಂದರೆ ಗೌರಿಹೂ. ಸಸ್ಯಶಾಸ್ತ್ರದಲ್ಲಿ ಗ್ಲೋರಿಯೋಸಾ ಸೂಪರ್ಬಾ. ಚಿತ್ರದಲ್ಲಿ ಎಲೆಯ ತುದಿಯೇ ನೀಳವಾಗಿ ಸುರುಳಿಗೊಂಡು ಪಕ್ಕದ ದಾಸವಾಳದ ಕಡ್ಡಿಯನ್ನು ಹಿಡಿದಿರುವುದನ್ನು ಗಮನಿಸಿ. ಹಿಂದಕ್ಕೆ ಬಾಗಿದ, ಅಂಚು ನಿರಿಗೆಗಟ್ಟಿದ ಆರು ದಳಗಳ ಕೆಳಗೆ ಶಲಾಕೆಯು (ಹೂವಿನ ನಡುವಿನ ಹೆಣ್ಣುಭಾಗದ ನೀಳ ಎಳೆ) ಬುಡದಲ್ಲೇ ಪಕ್ಕಕ್ಕೆ ಮುರಿದಂತೆ ಹೊರಳಿರುವುದನ್ನೂ ಕಂಡ ಮೇಲೆ ಸಂದೇಹ ಉಳಿಯುವುದಿಲ್ಲ. ತಮಿಳುನಾಡು ಇದನ್ನೇ ತನ್ನ ರಾಜ್ಯಪುಷ್ಪವನ್ನಾಗಿ ಮಾಡಿಕೊಂಡಿದೆ.

ಕುಂಡವನ್ನು ಮಳೆ ಬೀಳದ ಸೂರಿನಡಿ ಬೇಸಿಗೆ ಕಳೆಯುವವರೆಗೆ ಹಾಗೆಯೇ ಇಡಿ. ಮುಂಗಾರಿಗೆ ಮುನ್ನ ಮಣ್ಣು ಬದಲಿಸುವಾಗ ಕೈ ಹಗುರವಾಗಿರಲಿ: ನೇಗಿಲಿನಂತೆ ಬಾಗಿದ ಈ ಗಡ್ಡೆಗೆ (ಸಂಸ್ಕೃತದ ಲಾಂಗಲಿ ಎಂಬ ಹೆಸರು ಬಂದದ್ದೇ ಅದರಿಂದ) ಮೊಳಕೆಯ ಕಣ್ಣು ಇರುವುದು ತುದಿಯಲ್ಲಿ ಮಾತ್ರ, ಅದು ಮುರಿದರೆ ಆ ತುಂಡು ಚಿಗುರುವುದಿಲ್ಲ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ನೀರು ಬಸಿದುಹೋಗುವ ಕುಂಡದಲ್ಲಿ ಗಡ್ಡೆಯನ್ನು ಎರಡು ಅಂಗುಲ ಆಳದಲ್ಲಿ ಅಡ್ಡ ಮಲಗಿಸಿ, ಹಬ್ಬಲು ಸಣ್ಣ ಕಡ್ಡಿಗಳ ಆಸರೆ ಕೊಟ್ಟು ಬಿಸಿಲಿನಲ್ಲಿಡಿ. ಬೀಜದಿಂದಲೂ ಬೆಳೆಸಬಹುದು, ಆದರೆ ಹೂವಿಗೆ ಕೆಲವು ವರ್ಷ ಕಾಯಬೇಕು.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಒಂದಿದೆ. ಈ ಗಿಡದ ಎಲ್ಲ ಭಾಗಗಳೂ ವಿಷ. ಗಡ್ಡೆ, ಬೀಜಗಳಲ್ಲಿರುವ ಕೊಲ್ಚಿಸಿನ್ ಎಂಬ ವಿಷವಸ್ತು ಪ್ರಾಣಕ್ಕೇ ಎರವಾಗಬಲ್ಲದು. ಗೆಣಸೆಂದು ಭಾವಿಸಿ ಇದನ್ನು ಬೇಯಿಸಿ ತಿಂದು ಸತ್ತವರಿದ್ದಾರೆ. ಆದ್ದರಿಂದ ಕಿತ್ತ ಗಡ್ಡೆಯನ್ನು ಅಡುಗೆಮನೆಯ ಹತ್ತಿರವೂ ಇಡಬೇಡಿ, ಕೈಗವಸು ಹಾಕಿಕೊಂಡೇ ಮುಟ್ಟಿ, ಕುಂಡವನ್ನು ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಇಡಿ. ಯಾರಾದರೂ ತಿಂದರೆಂದು ಗೊತ್ತಾದರೆ, ವಾಂತಿ ಶುರುವಾಗಲು ಕೆಲವು ತಾಸು ಹಿಡಿಯಬಹುದಾದ್ದರಿಂದ ಅದಕ್ಕಾಗಿ ಕಾಯದೆ, ಗಿಡದ ತುಂಡೊಂದನ್ನು ಜೊತೆಗಿಟ್ಟುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.