ಅನ್ಯಭಾಷೆಗೆ ಪುರಾವೆಯ ಪಟ್ಟ ಕಟ್ಟಿದ್ದು ಯಾರು?

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾನು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು, ನಿವೃತ್ತ ಶಿಕ್ಷಕಿ. ಹೋದ ತಿಂಗಳು ಬೆಂಗಳೂರಿನ ತಂಗಿ ಮನೆಗೆ ಹೋದಾಗ ಅವರ ಸಭೆಯ ಆರಾಧನೆಗೂ ಹೋದೆ. ಪಾಸ್ಟರ್ ಮೈಕ್ ಹಿಡಿದು ಅನ್ಯಭಾಷೆಯಲ್ಲಿ, ಅಂದರೆ ಪವಿತ್ರಾತ್ಮ ಆಡಿಸುತ್ತದೆ ಅಂತ ಅವರು ನಂಬುವ, ಕೇಳುವವರಿಗೆ ಅರ್ಥವಾಗದ ಮಾತಿನಲ್ಲಿ, ಪ್ರಾರ್ಥಿಸಿದರು, ಜನ ದನಿಗೂಡಿಸಿದರು. ಆಮೇಲೆ ಯುವಕರನ್ನು ಮುಂದಕ್ಕೆ ಕರೆದು, ತಲೆ ಮೇಲೆ ಕೈಯಿಟ್ಟು, "ಹಲ್ಲೆಲೂಯಾ ಅನ್ನು, ಜೋರಾಗಿ ಅನ್ನು, ಇನ್ನೂ ಬೇಗ ಅನ್ನು" ಅಂದರು. ತಂಗಿಯ ಮಗಳಿಗೆ ಹದಿನಾರು ವರ್ಷ. ಅವಳ ಬಾಯಿಂದ ಏನೂ ಬರಲಿಲ್ಲ. ಅಳುತ್ತಾ ಬಂದು ಕೂತಳು. "ನನ್ನಲ್ಲೇ ಏನೋ ಪಾಪ ಇದೆ ದೊಡ್ಡಮ್ಮ" ಅಂದಳು. ಇದು ಭಕ್ತಿಯೋ ನಾಟಕವೋ? ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಯೇಸು ಕಪಟಿಗಳು ಅನ್ನಲಿಲ್ಲವೇ?

ಸಂಪಾದಕರ ಉತ್ತರ:

ಮಾನ್ಯರೆ, ನಮಸ್ಕಾರ.

ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಹುಡುಗಿಗೆ ಅಲ್ಲಿ ಆದದ್ದು ಸರಿಯಲ್ಲ. ಆದರೆ ಹಾಗೆ ಹೇಳಲು ಪಾಸ್ಟರ್ ನಾಟಕ ಮಾಡಿದರು ಅಂತ ಸಾಬೀತು ಮಾಡಬೇಕಾಗಿಲ್ಲ. ಅವರು ಪೂರ್ತಿ ಪ್ರಾಮಾಣಿಕರೇ ಇರಬಹುದು. ಅಲ್ಲಿ ಸೇರಿದ್ದ ಜನರೂ ಅಷ್ಟೆ. ಪ್ರಾಮಾಣಿಕ ಜನರೇ ಸೇರಿಕೊಂಡು ಒಂದು ಮಗುವನ್ನು ಅಳಿಸುವ ಹಾಗೆ ಆದದ್ದು ಹೇಗೆ? ನಾವು ಯೋಚಿಸಬೇಕಾದದ್ದು ಅದನ್ನು.

ನೀವು ನೆನೆಸಿಕೊಂಡ ಮಾತು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದ್ದು. ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಅಂತ ಯೇಸು ಅಲ್ಲಿ ಹೇಳುತ್ತಾರೆ. ಆದರೆ ತಪ್ಪು ಬೀದಿಯದ್ದಲ್ಲ, ಜನ ನೋಡಲಿ ಅನ್ನುವ ಆಸೆಯದ್ದು. ಲಾಜರನ ಸಮಾಧಿಯ ಮುಂದೆ ಯೇಸುವೇ ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಿದರು. ಹಾಗಾಗಿ ಈ ವಚನವನ್ನು ಗಟ್ಟಿಯಾಗಿ ಪ್ರಾರ್ಥಿಸುವವರ ಮೇಲೆ ಮಾತ್ರ ಎಸೆಯುವುದು ನ್ಯಾಯವಲ್ಲ. ಶಾಂತವಾದ ಸಭೆಗಳಲ್ಲೂ ದೊಡ್ಡ ದೊಡ್ಡ ಪದ ಪೋಣಿಸಿ ಉದ್ದುದ್ದ ಪ್ರಾರ್ಥನೆ ಮಾಡುವ ಹಿರಿಯರಿದ್ದಾರೆ. ಅದು ದೇವರಿಗೋ, ಎದುರು ಕೂತವರಿಗೋ ಅಂತ ನಾವು ಯಾರೂ ಕೇಳುವುದಿಲ್ಲ. ಅರ್ಥವಾಗುವ ಕನ್ನಡದಲ್ಲಿದೆಯಲ್ಲ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ.

ಅನುಮಾನ, ನಗು ಇವೆಲ್ಲ ಮೊದಲ ದಿನದಿಂದಲೂ ಇವೆ. ಪಂಚಾಶತ್ತಮ ದಿನ, ಅಂದರೆ ಪವಿತ್ರಾತ್ಮ ಇಳಿದುಬಂದ ಪೆಂತಕೋಸ್ತ್ ಹಬ್ಬದ ದಿನ, ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯರು ಬೇರೆ ಬೇರೆ ಭಾಷೆಗಳಲ್ಲಿ ಮಾತಾಡಿದಾಗ ಕೆಲವರು "ಇವರು ಕುಡಿದಿದ್ದಾರೆ" ಅಂದರು. ಪೇತ್ರ ಎದ್ದು, ಇನ್ನೂ ಬೆಳಿಗ್ಗೆ ಒಂಬತ್ತು ಗಂಟೆ, ನೀವು ಅಂದುಕೊಂಡ ಹಾಗೆ ಇವರು ಕುಡಿದಿಲ್ಲ ಅಂತ ಹೇಳಬೇಕಾಯಿತು. ಆದರೆ ಅಂದು ಅಲ್ಲಿ ದೂರದೂರುಗಳಿಂದ ಬಂದವರಿಗೆ ತಂತಮ್ಮ ತಾಯ್ನುಡಿ ಕೇಳಿಸಿತು. ಗ್ರೀಸಿನ ಕೊರಿಂಥ ಪಟ್ಟಣದ ಸಭೆಯಲ್ಲಿ ನಡೆದದ್ದು ಬೇರೆ. ಅಲ್ಲಿ ಆಡಿದ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಆ ಸಭೆಯನ್ನು ಕಟ್ಟಿದ ಪೌಲ ಕೊರಿಂಥದವರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರವನ್ನು ಬಿಡುವಾದಾಗ ಮತ್ತೆ ಓದಿ. 12ರಿಂದ 14ನೇ ಅಧ್ಯಾಯ ಸಾಕು. ಆ ಸಭೆಯಲ್ಲಿ ಜಗಳ ಜಾಸ್ತಿ. ಪ್ರಭುಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಅಂಥ ಸಭೆಗೆ ಅನ್ಯಭಾಷೆಯ ಬಗ್ಗೆ ಬರೆಯುವಾಗ ಪೌಲ ಒಂದು ಸಲವೂ "ನೀವು ನಟಿಸುತ್ತಿದ್ದೀರಿ" ಅನ್ನುವುದಿಲ್ಲ. ನಿಮ್ಮೆಲ್ಲರಿಗಿಂತ ಹೆಚ್ಚಾಗಿ ನಾನೇ ಅನ್ಯಭಾಷೆ ಆಡುತ್ತೇನೆ, ಅದಕ್ಕೆ ದೇವರಿಗೆ ಸ್ತೋತ್ರ ಅನ್ನುತ್ತಾನೆ. ಆದರೂ ಸಭೆಯಲ್ಲಿ ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದೇ ಐದು ಮಾತು ಲೇಸು ಅನ್ನುತ್ತಾನೆ. ಇನ್ನೊಂದು ಕಡೆ, ನೀನೇನೋ ಚೆನ್ನಾಗಿಯೇ ಸ್ತುತಿಸುತ್ತೀ, ಆದರೆ ಪಕ್ಕದಲ್ಲಿ ಕೂತವನಿಗೆ ಅದರಿಂದ ಏನು ಸಿಕ್ಕಿತು, ಅವನು ಯಾವುದಕ್ಕೆ ಆಮೆನ್ ಅನ್ನಬೇಕು ಅಂತ ಕೇಳುತ್ತಾನೆ.

ಇಲ್ಲಿ ಪೌಲ ಎಷ್ಟು ಜಾಗ್ರತೆಯಿಂದ ಮಾತಾಡುತ್ತಾನೆ ನೋಡಿ. ಆಡುವವನ ಭಕ್ತಿಯನ್ನು ಒಪ್ಪಿಕೊಂಡೇ ಮುಂದಿನ ಮಾತು ಎತ್ತುತ್ತಾನೆ. ನಿನ್ನ ಮನಸ್ಸು ಶುದ್ಧವಾಗಿದೆ ಅಂದಮಾತ್ರಕ್ಕೆ ಸಭೆಯಲ್ಲಿ ನೀನು ಮಾಡಿದ್ದೆಲ್ಲ ಸರಿಯಾಗುವುದಿಲ್ಲ ಅನ್ನುವುದು ಅವನ ವಾದ. ಆಮೇಲೆ ನಿಯಮ ಹಾಕುತ್ತಾನೆ. ಇಬ್ಬರು, ಹೆಚ್ಚೆಂದರೆ ಮೂವರು. ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರು ಇರಬೇಕು. ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿದ್ದು, ತನಗೂ ದೇವರಿಗೂ ಮಾತ್ರ ಆಡಿಕೊಳ್ಳಲಿ. ಕೊನೆಗೆ, ಅನ್ಯಭಾಷೆಯನ್ನು ತಡೆಯಬೇಡಿ ಅಂತಲೂ ಸೇರಿಸುತ್ತಾನೆ. ನೀವು ನೋಡಿದ ಕೂಟದಲ್ಲಿ ಈ ನಿಯಮಗಳಲ್ಲಿ ಎಷ್ಟು ಉಳಿದಿದ್ದವು? ಬೈಬಲನ್ನೇ ಪ್ರಮಾಣ ಅನ್ನುವ ಸಭೆಗೆ ಈ ಪ್ರಶ್ನೆಯನ್ನು ಮರ್ಯಾದೆಯಿಂದಲೇ ಕೇಳಬಹುದು.

ಹಾಗಾದರೆ ಹದಿನಾರರ ಹುಡುಗಿಯನ್ನು ಮುಂದೆ ನಿಲ್ಲಿಸಿ ಬೇಗ ಬೇಗ ಅನ್ನು ಅಂತ ಅವಸರಪಡಿಸುವುದು ಎಲ್ಲಿಂದ ಬಂತು? ಅದಕ್ಕೆ ಸುಮಾರು 125 ವರ್ಷದ ಚರಿತ್ರೆ ಇದೆ. 1901ರ ಜನವರಿ 1, ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕಾ. ಚಾರ್ಲ್ಸ್ ಪಾರ್ಹಮ್ ಎಂಬ ಬೋಧಕರ ಬೈಬಲ್ ಶಾಲೆಯಲ್ಲಿ ಆಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿಯ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಕೆ ಅನ್ಯಭಾಷೆ ಆಡಿದಳು. ಅದು ಚೀನೀ ಭಾಷೆ ಅಂತ ಅಲ್ಲಿದ್ದವರು ನಂಬಿದರು. ಪವಿತ್ರಾತ್ಮದ ಅಭಿಷೇಕ ಆಗಿದೆ ಅನ್ನುವುದಕ್ಕೆ ಅನ್ಯಭಾಷೆಯೇ ಪುರಾವೆ ಅಂತ ಪಾರ್ಹಮ್ ಸಾರಿದರು. ವರದಾನವಾಗಿದ್ದದ್ದು ಹೀಗೆ ಪರೀಕ್ಷೆಯಾಯಿತು.

ಈ ಬೋಧನೆಯನ್ನು ಹ್ಯೂಸ್ಟನ್‌ನಲ್ಲಿ ಪಾರ್ಹಮ್ ಅವರಿಂದ ಕೇಳಿಸಿಕೊಂಡವರು ವಿಲಿಯಂ ಸೇಮೋರ್. ಗುಲಾಮರಾಗಿದ್ದ ತಂದೆ-ತಾಯಿಯ ಮಗ. ಒಂದು ಕಣ್ಣು ಕಾಣುತ್ತಿರಲಿಲ್ಲ. ಕರಿಯರು ಬಿಳಿಯರ ಜೊತೆ ಕೂರುವ ಹಾಗಿರಲಿಲ್ಲವಾದ್ದರಿಂದ ಕೊಠಡಿಯ ಹೊರಗೆ ಕೂತು ಪಾಠ ಕೇಳಿದರು. 1906ರಲ್ಲಿ ಅವರು ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಒಂದು ಹಳೇ ಕಟ್ಟಡದಲ್ಲಿ ಕೂಟ ಶುರು ಮಾಡಿದರು. ಅಲ್ಲಿಂದಲೇ, ಪವಿತ್ರಾತ್ಮದ ವರಗಳಿಗೆ ಒತ್ತು ಕೊಡುವ ಪೆಂತಕೋಸ್ತ್ ಚಳವಳಿ ಲೋಕಕ್ಕೆಲ್ಲ ಹರಡಿತು. ಪತ್ರಿಕೆಗಳು ಗೇಲಿ ಮಾಡಿದವು. ಗದ್ದಲ, ಅಳು, ಅನ್ಯಭಾಷೆ ಎಲ್ಲ ಅಲ್ಲಿತ್ತು. ಆದರೆ ಆ ಕೂಟದ ನಾಯಕ ಎಲ್ಲಿರುತ್ತಿದ್ದರು ಗೊತ್ತಾ? ಖಾಲಿ ಶೂ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು, ಅದರ ಹಿಂದೆ ಕೂತು, ಮೇಲಿನ ಪೆಟ್ಟಿಗೆಯೊಳಗೆ ತಲೆ ಹುದುಗಿಸಿ ಪ್ರಾರ್ಥಿಸುತ್ತಿದ್ದರಂತೆ. ಅಲ್ಲಿದ್ದ ಫ್ರಾಂಕ್ ಬಾರ್ಟಲ್ಮನ್ ಇದನ್ನು ಬರೆದಿಟ್ಟಿದ್ದಾರೆ. ಸಾವಿರಾರು ಜನ ನೋಡಲು ಬರುವ ಜಾಗದಲ್ಲಿ ನಾಯಕನೇ ಮುಖ ಮುಚ್ಚಿಕೊಂಡು ಕೂರುವುದು ನನಗಂತೂ ದೊಡ್ಡ ಸಂಗತಿ ಅನಿಸುತ್ತದೆ.

ಅಲ್ಲಿ ಕರಿಯರು, ಬಿಳಿಯರು, ಮೆಕ್ಸಿಕೋದವರು ಒಟ್ಟಿಗೆ ಮೊಣಕಾಲೂರುತ್ತಿದ್ದರು. ಅಂದಿನ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ. ಅದೇ ವರ್ಷ ಪಾರ್ಹಮ್ ನೋಡಲು ಬಂದರು. ಬಿಳಿಯರು ಕರಿಯರು ಹೀಗೆ ಬೆರೆತದ್ದು ಅವರಿಗೆ ಸಹಿಸಲಾಗಲಿಲ್ಲ. ಖಂಡಿಸಿ ಹೊರಟುಹೋದರು. ಅನ್ಯಭಾಷೆಯೇ ಪುರಾವೆ ಅಂದವರೇ ಪಕ್ಕದವನ ಚರ್ಮದ ಬಣ್ಣ ನೋಡಿ ಮುಖ ತಿರುಗಿಸಿದರು. ಇದನ್ನು ಕಣ್ಣಾರೆ ಕಂಡ ಸೇಮೋರ್ ಬರಬರುತ್ತಾ ಅನ್ಯಭಾಷೆಯೊಂದೇ ಪುರಾವೆ ಅನ್ನುವುದನ್ನು ಬಿಟ್ಟರು. ಪ್ರೀತಿ ಇಲ್ಲದ ಕಡೆ ಆ ಪುರಾವೆ ನಿಲ್ಲುವುದಿಲ್ಲ ಅನ್ನುವ ನಿಲುವಿಗೆ ಬಂದರು. ಹಾಗಂತ ಪುರಾವೆಯ ಬೋಧನೆ ನಿಲ್ಲಲಿಲ್ಲ. 1914ರಲ್ಲಿ ಹುಟ್ಟಿದ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂತಕೋಸ್ತ್ ಸಂಸ್ಥೆ ಎರಡು ವರ್ಷದ ನಂತರ ಅದನ್ನು ತನ್ನ ನಂಬಿಕೆಯ ಹೇಳಿಕೆಯಲ್ಲೇ ಬರೆದುಕೊಂಡಿತು. ಎಫ್. ಎಫ್. ಬಾಸ್ವರ್ತ್ ಎಂಬ ಹೆಸರಾಂತ ಬೋಧಕರು ಸ್ವತಃ ಅನ್ಯಭಾಷೆ ಆಡುತ್ತಿದ್ದವರು. ಆದರೂ ಇದು ಪ್ರತಿಯೊಬ್ಬರಿಗೂ ಬರಲೇಬೇಕು ಅನ್ನುವುದನ್ನು ಒಪ್ಪದೆ 1918ರಲ್ಲಿ ಆ ಸಂಸ್ಥೆ ಬಿಟ್ಟರು. ನಿಮ್ಮ ತಂಗಿಯ ಮಗಳ ಸಂಕಟಕ್ಕೆ ಪೆಂತಕೋಸ್ತ್ ಚಳವಳಿಯೊಳಗೇ ದನಿ ಎತ್ತಿದವರಿದ್ದಾರೆ ಅಂತ ತಿಳಿದಿರಲಿ.

ಪ್ರಾಮಾಣಿಕತೆ ಇದ್ದರೆ ಸಾಕು ಅನ್ನುವವರಿಗೆ ಕಲ್ಕತ್ತೆಯ ಕಥೆ ಹೇಳಬೇಕು. ಆಲ್ಫ್ರೆಡ್ ಗಾರ್, ಲಿಲಿಯನ್ ಗಾರ್ ಎಂಬ ದಂಪತಿ ಅಜೂಸಾದಲ್ಲಿ ಅನ್ಯಭಾಷೆ ಆಡಿದರು. ತಮಗೆ ಬಂದಿರುವುದು ಬಂಗಾಳಿ ಅಂತ ಆಲ್ಫ್ರೆಡ್ ನಂಬಿದರು. ನಂಬಿ ಸುಮ್ಮನಿರಲಿಲ್ಲ, ಹಡಗು ಹತ್ತಿ 1907ರ ಹೊತ್ತಿಗೆ ಕಲ್ಕತ್ತೆಗೆ ಬಂದೇಬಿಟ್ಟರು. ಅವರಷ್ಟು ಪ್ರಾಮಾಣಿಕರು ಬೇಕೇ? ಆದರೆ ಬಂಗಾಳಿ ಬರಲಿಲ್ಲ. ಕೆಲಸ ಬಿಡದೆ ಮುಂದೆ ಹಾಂಗ್‌ಕಾಂಗ್‌ಗೆ ಹೋಗಿ ದುಭಾಷಿಯನ್ನು ಇಟ್ಟುಕೊಂಡು ಬೋಧಿಸಿದರು. ಪ್ರಾರ್ಥನೆಯಲ್ಲಿ ಸಿಕ್ಕ ಭಾಷೆಯಿಂದ ಇಲ್ಲಿಯ ಜನರಿಗೆ ಬೋಧಿಸಲು ಆಗುವುದಿಲ್ಲ ಅಂತ ಗಾರ್ ಒಪ್ಪಿಕೊಂಡರು. ಆ ಒಪ್ಪಿಗೆಗೆ ನನ್ನ ಗೌರವವಿದೆ.

ಇನ್ನು, ಈ ಗದ್ದಲವೆಲ್ಲ ಭಕ್ತಿಯೇ ಅಲ್ಲ ಅನ್ನುವ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಕಾರಣ ಪಂಡಿತಾ ರಮಾಬಾಯಿ. ಅವರು ನಮ್ಮ ನೆಲದವರು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ಅವರ ತಂದೆಯ ಮನೆತನ ಕಾರ್ಕಳದ ಹತ್ತಿರದ ಮಾಳದ್ದು. ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್‌ನಲ್ಲಿ ಬರಗಾಲದಿಂದ ಪಾರಾದ ಹೆಣ್ಣುಮಕ್ಕಳು, ಬಾಲವಿಧವೆಯರು ಇದ್ದರು. 1905ರಲ್ಲಿ, ಅಜೂಸಾಕ್ಕೂ ಮೊದಲೇ, ಅಲ್ಲಿ ದೊಡ್ಡ ಉಜ್ಜೀವನ, ಅಂದರೆ ಭಕ್ತಿಯ ಜಾಗೃತಿ, ಆಯಿತು. ಹುಡುಗಿಯರು ಒಟ್ಟಿಗೇ ದನಿ ಎತ್ತಿ ಪ್ರಾರ್ಥಿಸಿದರು, ಅತ್ತರು, ನಡುಗಿದರು. ಮುಂದೆ ಅನ್ಯಭಾಷೆಯೂ ಬಂತು. ಇದೇನು ಹುಚ್ಚು ಅಂತ ಟೀಕೆ ಬಂದಾಗ ರಮಾಬಾಯಿ ಹುಡುಗಿಯರ ಪರ ನಿಂತರು. ಪಾಶ್ಚಾತ್ಯರ ನಯನಾಜೂಕಿಗೆ ಹೊಂದದ್ದೆಲ್ಲ ಸೈತಾನನದ್ದೇ ಆಗಬೇಕಾ, ಭಾರತದ ಕ್ರೈಸ್ತರಲ್ಲಿ ಪವಿತ್ರಾತ್ಮ ತನಗೆ ಬೇಕಾದಂತೆ ಕೆಲಸ ಮಾಡಬಾರದಾ ಅಂತ ಬರೆದರು. ಸಂಸ್ಕೃತದಲ್ಲಿ ಪಂಡಿತೆ ಅನ್ನಿಸಿಕೊಂಡ ಹೆಣ್ಣು, ಹೀಬ್ರೂ ಮತ್ತು ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದವರು ಈ ಮಾತು ಹೇಳುತ್ತಿದ್ದಾರೆ. ಬದುಕಿನಲ್ಲಿ ಯಾರೂ ದನಿ ಕೊಡದಿದ್ದ ಆ ಹುಡುಗಿಯರ ಗಂಟಲಿಂದ ಬಂದ ಕೂಗನ್ನು ನಾಟಕ ಅನ್ನಲು ನನಗೆ ಬಾಯಿ ಬರುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ ಅಂತ ಕೆಲವರು ಕೇಳುತ್ತಾರೆ. ವಿಲಿಯಂ ಸಮರಿನ್ ಎಂಬ ಭಾಷಾವಿಜ್ಞಾನಿ 1972ರಲ್ಲಿ ತೋರಿಸಿದ ಪ್ರಕಾರ, ಅನ್ಯಭಾಷೆಯಲ್ಲಿ ಬರುವ ಧ್ವನಿಗಳು ಹೆಚ್ಚಾಗಿ ಆಡುವವರ ಸ್ವಂತ ಭಾಷೆಯವೇ. ಭಾಷೆಗೆ ಇರಬೇಕಾದ ವ್ಯಾಕರಣ, ಅರ್ಥದ ಕಟ್ಟು ಅದರಲ್ಲಿ ಇರುವುದಿಲ್ಲ. ಕೆನಡಾದ ನಿಕೋಲಸ್ ಸ್ಪಾನೋಸ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಿ ಕೊಟ್ಟವರಲ್ಲಿ ಸುಮಾರು ಶೇ 70ರಷ್ಟು ಮಂದಿ ಸರಾಗವಾಗಿ ಅನ್ಯಭಾಷೆಯಂತೆ ಮಾತಾಡಿದರು. ಅಂದರೆ ಇದನ್ನು ಕಲಿಯಬಹುದು. ಇನ್ನೊಂದು ಕಡೆ ಆಂಡ್ರ್ಯೂ ನ್ಯೂಬರ್ಗ್ 2006ರಲ್ಲಿ ಐವರು ಮಹಿಳೆಯರ ಮಿದುಳು ಸ್ಕ್ಯಾನ್ ಮಾಡಿದರು. ಭಕ್ತಿಗೀತೆ ಹಾಡುವಾಗಿನದಕ್ಕಿಂತ ಅನ್ಯಭಾಷೆ ಆಡುವಾಗ ಮಿದುಳಿನ ಮುಂಭಾಗದ ಚಟುವಟಿಕೆ ಕಡಿಮೆಯಾಗಿತ್ತು. ಆಗ ಮಾತು ನಮ್ಮ ಹಿಡಿತದಲ್ಲಿ ಇರುವುದಿಲ್ಲ ಅನ್ನುವ ಅವರ ಅನುಭವಕ್ಕೆ ಇದು ಹೊಂದುತ್ತದೆ. ಐವರ ಮೇಲಿನ ಪರೀಕ್ಷೆಯಿಂದ ಹೆಚ್ಚೇನೂ ಹೇಳಲಾಗದು, ಅದು ಬೇರೆ ಮಾತು.

ಕಲಿತದ್ದು ಅಂದರೆ ಸುಳ್ಳು ಅಂತಲ್ಲ. ಮಗು ಅಮ್ಮನನ್ನು ನೋಡಿಯೇ ಕೈ ಮುಗಿಯಲು ಕಲಿಯುತ್ತದೆ, ಆ ನಮಸ್ಕಾರ ಸುಳ್ಳೇನಲ್ಲವಲ್ಲ. ತೊಂದರೆ ಶುರುವಾಗುವುದು ಬೇರೆ ಕಡೆ. ಬಂದರೆ ಅಭಿಷೇಕ ಆಗಿದೆ, ಬರದಿದ್ದರೆ ಏನೋ ಕೊರತೆ ಇದೆ ಅಂತ ಹೇಳಿ, ಎಲ್ಲರ ಮುಂದೆ ನಿಲ್ಲಿಸಿದಾಗ ಆ ಮಕ್ಕಳಿಗೆ ಎರಡೇ ದಾರಿ. ಅನುಕರಣೆ ಮಾಡಬೇಕು, ಇಲ್ಲವೇ ಅಳುತ್ತಾ ವಾಪಸ್ ಬರಬೇಕು. ನಾಟಕ ಹುಟ್ಟುವುದು ಆ ಜಾಗದಲ್ಲಿ. ಅದನ್ನು ಹುಟ್ಟಿಸುವುದು ಹುಡುಗರ ಕಪಟವಲ್ಲ, ದೊಡ್ಡವರು ಕೇಳುವ ಪುರಾವೆ. ಈಗ ಮೈಕ್ ಜೊತೆ ಕ್ಯಾಮೆರಾ ಬೇರೆ ಸೇರಿದೆ, ಆರಾಧನೆ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತದೆ. ಒತ್ತಡ ಇನ್ನೂ ಜಾಸ್ತಿಯಾಗಿದೆ.

ನಿಮ್ಮ ತಂಗಿಯ ಮಗಳ ವಿಷಯಕ್ಕೆ ಬರೋಣ. ಅವಳ ಪಕ್ಕ ಕೂತು 1 ಕೊರಿಂಥ 12ರ ಕೊನೆಯ ವಚನಗಳನ್ನು ಓದಿಸಿ. ಎಲ್ಲರೂ ಅನ್ಯಭಾಷೆ ಆಡುತ್ತಾರಾ ಅಂತ ಪೌಲ ಅಲ್ಲಿ ಕೇಳುತ್ತಾನೆ. ಇಲ್ಲ ಅನ್ನುವುದೇ ಉತ್ತರ ಅನ್ನುವ ಹಾಗೆ ಕೇಳುತ್ತಾನೆ. ಆ ಒಂದು ಸಾಲು ಅವಳ ಎದೆಯ ಭಾರ ಇಳಿಸಬಹುದು. ಅವಳು ಅವತ್ತು ಸುಳ್ಳು ಆಡಲಿಲ್ಲ ಅಂತಲೂ ಹೇಳಿ. ಸುತ್ತ ಅಷ್ಟು ಜನ ಒತ್ತಾಯ ಮಾಡಿದರೂ ಬಾರದ್ದನ್ನು ಬಂತು ಅನ್ನಲಿಲ್ಲ. ಹದಿನಾರು ವರ್ಷಕ್ಕೆ ಅದು ದೊಡ್ಡ ಧೈರ್ಯ. ಅವಳನ್ನು ಆ ಸಭೆಯಿಂದ ಬಿಡಿಸಿ ಅಂತ ನಾನು ಹೇಳಲಾರೆ. ಅವಳ ಗೆಳತಿಯರೆಲ್ಲ ಅಲ್ಲೇ ಇರಬಹುದು, ಅವಳಿಗೆ ಹಾಡು ಇಷ್ಟವಿರಬಹುದು. ಆದರೆ ನಿಮ್ಮ ತಂಗಿ, ಅವರ ಗಂಡ ಇಬ್ಬರೂ ಹೋಗಿ ಪಾಸ್ಟರ್ ಜೊತೆ ಮಾತಾಡಲಿ. ನಮ್ಮ ಮಗಳನ್ನು ಇನ್ನು ಹಾಗೆ ಮುಂದೆ ಕರೆಯಬೇಡಿ ಅಂತ ಕೇಳಲಿ. ಒಳ್ಳೆಯ ಪಾಸ್ಟರ್ ಆದರೆ ಕೇಳಿಸಿಕೊಳ್ಳುತ್ತಾರೆ. ಬೈದು ಕಳಿಸಿದರೆ, ಅಥವಾ ಹುಡುಗಿಯನ್ನೇ ತಪ್ಪಿತಸ್ಥೆ ಮಾಡಿದರೆ, ಆಗ ಬೇರೆ ಸಭೆ ಹುಡುಕಿಕೊಳ್ಳಲು ಹಿಂಜರಿಯಬೇಡಿ.

ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಎಷ್ಟೋ ಜನ ಅದನ್ನು ವೇದಿಕೆಗೆ ತರುವುದೇ ಇಲ್ಲ. ಬೆಳಗಿನ ಜಾವ, ಅಡುಗೆ ಮನೆಯಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕ ಮೆಲ್ಲಗೆ ಆಡಿಕೊಳ್ಳುತ್ತಾರೆ. ಮಾತು ಸಿಗದ ದುಃಖದಲ್ಲಿ ಅದು ಆಸರೆ ಅನ್ನುತ್ತಾರೆ. ಅವರ ಬಗ್ಗೆ ಬರೆಯದೆ ಬರೀ ಮೈಕ್ ಹಿಡಿದವರ ಬಗ್ಗೆ ಬರೆದರೆ ಅನ್ಯಾಯವಾಗುತ್ತದೆ.

ಪತ್ರದ ಜೊತೆ ಫೋನಿನಲ್ಲಿ ತೆಗೆದ ವಿಡಿಯೊ ಕೂಡ ಕಳಿಸಿದ್ದೀರಿ, ಅದರಿಂದ ಒಂದೆರಡು ಚಿತ್ರ ತೆಗೆದು ಹಾಕಿ ಅಂದಿದ್ದೀರಿ. ಹಾಕುತ್ತಿಲ್ಲ. ಅದರಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುವವರ ಮುಖಗಳಿವೆ, ಮಕ್ಕಳ ಮುಖಗಳೂ ಇವೆ. ಅವರು ಪತ್ರಿಕೆಗೆ ಒಪ್ಪಿಗೆ ಕೊಟ್ಟು ಕೈ ಎತ್ತಿದವರಲ್ಲ. ನೀವೂ ಅದನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅದರ ಬದಲು ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಡುತ್ತೇವೆ. ಅನ್ಯಭಾಷೆಯಲ್ಲಿ ಪ್ರಾರ್ಥಿಸುವವರು, ಮುಂದೆ ನಿಂತರೂ ಬಾರದೆ ಹಿಂತಿರುಗಿದವರು, ಇಂಥ ಕೂಟ ನಡೆಸುವ ಪಾಸ್ಟರುಗಳು ಎಲ್ಲರೂ ಬರೆಯಲಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ.

- ಸಂ.