ಮಜೂರಿ ಕೈಗೆ ಬರುತ್ತೆ, ಕಾಗದಕ್ಕೆ ಬರಲ್ಲ: ಮನೆ ಸಾಲ ಸಿಗುತ್ತಾ?

ಪ್ರಶ್ನೆ: ನಾವು ಇಳಕಲ್ಲಿನವರು. ಯಜಮಾನರು ಸಾಹುಕಾರರ ಹತ್ತಿರ ಮಜೂರಿಗೆ ಸೀರೆ ನೇಯುತ್ತಾರೆ. ನಾನು ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ಇಬ್ಬರದೂ ಸೇರಿ ತಿಂಗಳಿಗೆ 26 ಸಾವಿರ ಆಗುತ್ತೆ, ಎಲ್ಲಾ ನಗದು. ಮನೆ ಬಾಡಿಗೆ 4 ಸಾವಿರ. ನನ್ನ ಹೆಸರಲ್ಲಿ ಸಂಘದ ಸಾಲ ಇದೆ, ಕಂತು ತಿಂಗಳಿಗೆ 2,400. ಮನೆ ಮಾಲೀಕರು ಮಗ್ಗದ ಕುಣಿ ಮುಚ್ಚಿ ಅಂತಿದ್ದಾರೆ. ಹಂಗಾಗಿ 14 ಲಕ್ಷದ ಒಂದು ಮನೆ ನೋಡಿದ್ದೇವೆ. 4 ಲಕ್ಷ ಕೂಡಿಟ್ಟಿದ್ದೇವೆ. ಬ್ಯಾಂಕಿನಲ್ಲಿ ಯಜಮಾನರ ಸಿಬಿಲ್ ಮೈನಸ್ ಒಂದು ಬಂತು, ಪಗಾರ ಚೀಟಿನೂ ಇಲ್ಲ ಅಂತ ವಾಪಸ್ ಕಳಿಸಿದರು. ಒಂದು ಖಾಸಗಿ ಕಂಪನಿಯವರು 13 ಪರ್ಸೆಂಟಿಗೆ ಕೊಡುತ್ತೇವೆ ಅಂತಾರೆ. ತಗೋಬಹುದಾ?

ಉತ್ತರ: ತಂಗಿ, ಮೊದಲು ಆ ಮೈನಸ್ ಒಂದರ ಭಯ ಬಿಡಿ. ಸಿಬಿಲ್ ಅನ್ನುವುದು ಯಾರು ಸಾಲ ಹೇಗೆ ತೀರಿಸಿದ್ದಾರೆ ಅಂತ ದಾಖಲೆ ಇಟ್ಟು ಅಂಕ ಕೊಡುವ ಕಂಪನಿ. ಆ ಅಂಕ 300ರಿಂದ 900ರವರೆಗೆ ಇರುತ್ತೆ. ಮೈನಸ್ ಒಂದು ಅಂದರೆ ಕೆಟ್ಟ ಅಂಕ ಅಲ್ಲ. ಈ ಮನುಷ್ಯ ಸಾಲ ತಗೊಂಡ ದಾಖಲೆ ನಮ್ಮ ಹತ್ತಿರ ಇಲ್ಲ ಅಂತ ಅಷ್ಟೇ ಅದರ ಅರ್ಥ. ಮೊದಲ ಸಲ ಸಾಲ ಕೇಳುವವರನ್ನು ಇದೊಂದೇ ಕಾರಣಕ್ಕೆ ತಿರುಗಿಸಿ ಕಳಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರಲ್ಲಿ ಹಣಕಾಸು ಸಚಿವಾಲಯ ಸಂಸತ್ತಿನಲ್ಲೂ ಇದನ್ನೇ ತಿಳಿಸಿತು. ಆದರೆ ಸಾಲ ತೀರಿಸುವ ಶಕ್ತಿ ಇದೆ ಅಂತ ನೀವು ತೋರಿಸಲೇಬೇಕು. ನಿಮ್ಮ ತೊಡಕು ಇರುವುದು ಅಲ್ಲಿ.

ನಿಮ್ಮ ಪತ್ರ ಓದುವಾಗ ನನಗೆ ಮೊದಲು ಕಂಡಿದ್ದು ಬೇರೆ. ಬ್ಯಾಂಕಿನವರು ಯಜಮಾನರ ಸಿಬಿಲ್ ನೋಡಿದ್ದಾರೆ. ನಿಮ್ಮದು ಯಾಕೆ ನೋಡಲಿಲ್ಲ? ಸಂಘದ ಸಾಲ ಅಂದಿದ್ದೀರಿ. ಅದು ಮೈಕ್ರೋಫೈನಾನ್ಸ್ ಕಂಪನಿಯ ಗುಂಪು ಸಾಲ ಆಗಿದ್ದರೆ, ಪ್ರತಿ ಸದಸ್ಯೆಯ ಕಂತಿನ ಲೆಕ್ಕ ಅವರವರ ಹೆಸರಲ್ಲೇ ದಾಖಲಾಗಿರುತ್ತೆ. ನೀವು ಕಂತು ತಪ್ಪಿಸದೆ ಕಟ್ಟಿದ್ದರೆ ನಿಮಗೆ ಒಳ್ಳೆ ಅಂಕ ಇರುವ ಸಾಧ್ಯತೆ ಜಾಸ್ತಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಸಾಲದ ದಾಖಲೆ ಇಡುವ ನಾಲ್ಕು ಕಂಪನಿಗಳಿವೆ. ವರ್ಷಕ್ಕೊಂದು ಪೂರ್ತಿ ವರದಿಯನ್ನು ನಾಲ್ವರೂ ಪುಕ್ಕಟೆ ಕೊಡಬೇಕು. ಕ್ರಿಫ್ ಹೈ ಮಾರ್ಕ್ ವರದಿ ತಪ್ಪದೆ ತೆಗೆಸಿ, ಸಂಘದ ಸಾಲದ ಲೆಕ್ಕ ಅಲ್ಲಿ ಚೆನ್ನಾಗಿ ಸಿಗುತ್ತೆ. ಅಂಕ ಚೆನ್ನಾಗಿದ್ದರೆ ಅರ್ಜಿಯಲ್ಲಿ ನಿಮ್ಮ ಹೆಸರೇ ಮೊದಲು ಬರಲಿ, ಯಜಮಾನರದು ಜೊತೆಗೆ. ಹೆಣ್ಣುಮಕ್ಕಳ ಹೆಸರಲ್ಲಿ ಮನೆ ಇದ್ದರೆ ಕೆಲವು ಬ್ಯಾಂಕ್‌ಗಳು ಬಡ್ಡಿಯಲ್ಲೂ ಸ್ವಲ್ಪ ಬಿಡುತ್ತವೆ.

ಈಗ ಲೆಕ್ಕಕ್ಕೆ ಬರೋಣ. 14 ಲಕ್ಷದ ಮನೆ, 4 ಲಕ್ಷ ಕೈಯಲ್ಲಿ, 10 ಲಕ್ಷ ಸಾಲ. ಸರಿ ಕಾಣುತ್ತೆ, ಅಲ್ವಾ? ಆದರೆ ಖರೀದಿ ಪತ್ರದ ಖರ್ಚು ನೀವು ಹಿಡಿದಿಲ್ಲ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ 1ರಿಂದ 2 ಪರ್ಸೆಂಟಿಗೆ ಏರಿದೆ. ಎಲ್ಲಾ ಸೇರಿ ನೂರಕ್ಕೆ ಏಳೂವರೆ ದಾಟುತ್ತೆ. ಅಂದರೆ 1 ಲಕ್ಷದ 5 ಸಾವಿರಕ್ಕೂ ಜಾಸ್ತಿ. 10 ಲಕ್ಷ ಮೀರಿದ ಮನೆಗೆ ಈ ಖರ್ಚನ್ನು ಮನೆಯ ಬೆಲೆಯಲ್ಲಿ ಸೇರಿಸಿ ಸಾಲ ಕೊಡುವ ಹಾಗಿಲ್ಲ. ಅದು ನಿಮ್ಮ ಕೈಯಿಂದಲೇ ಹೋಗಬೇಕು.

ಕಂತು ಎಷ್ಟಾಗುತ್ತೆ ನೋಡಿ. 10 ಲಕ್ಷಕ್ಕೆ 9 ಪರ್ಸೆಂಟಿನಂತೆ 20 ವರ್ಷಕ್ಕೆ ತಿಂಗಳಿಗೆ ಸುಮಾರು 9 ಸಾವಿರ. 15 ವರ್ಷಕ್ಕಾದರೆ 10,143. ಅದೇ 15 ವರ್ಷಕ್ಕೆ 13 ಪರ್ಸೆಂಟ್ ಆದರೆ 12,652. ತಿಂಗಳಿಗೆ 2,500 ರೂಪಾಯಿ ವ್ಯತ್ಯಾಸ ಸಣ್ಣದು ಅನಿಸಬಹುದು. 15 ವರ್ಷಕ್ಕೆ ಗುಣಿಸಿ, 4 ಲಕ್ಷ 51 ಸಾವಿರ! ನೀವು ಇಷ್ಟು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದಕ್ಕಿಂತ ಅದು ಹೆಚ್ಚು. ಸಾಮಾನ್ಯವಾಗಿ ಬ್ಯಾಂಕಿನವರು ಎಲ್ಲ ಕಂತೂ ಸೇರಿ ಆದಾಯದ ಅರ್ಧ ದಾಟಬಾರದು ಅಂತ ನೋಡುತ್ತಾರೆ, ಆದಾಯ ಕಡಿಮೆ ಇದ್ದವರಿಗೆ ಇನ್ನೂ ಬಿಗಿ. 12,652ರ ಮೇಲೆ ಸಂಘದ 2,400 ಸೇರಿದರೆ ನಿಮ್ಮದು ಅರ್ಧ ದಾಟಿಬಿಡುತ್ತೆ. ಹಬ್ಬ, ಜಡ್ಡು, ಮಕ್ಕಳ ಫೀ ಬಂದಾಗ ಏನು ಮಾಡುತ್ತೀರಿ?

ಅದಕ್ಕೇ ನನ್ನ ಮಾತು: ಒಂದು ವರ್ಷ ತಡೆಯಿರಿ. ಸುಮ್ನೆ ಕೂರುವ ವರ್ಷ ಅಲ್ಲ ಅದು. ಈ ತಿಂಗಳಿಂದಲೇ ತಿಂಗಳಿಗೆ 9 ಸಾವಿರದ ಒಂದು ಆರ್‌ಡಿ, ಅಂದರೆ ಪ್ರತಿ ತಿಂಗಳು ಇಷ್ಟು ಅಂತ ಕಟ್ಟುವ ಠೇವಣಿ, ಶುರುಮಾಡಿ. ಮನೆ ಸಾಲದ ಕಂತು ಅಂತಲೇ ತಿಳಿದು ಕಟ್ಟಿ. ಹನ್ನೆರಡು ತಿಂಗಳಿಗೆ 1 ಲಕ್ಷ 8 ಸಾವಿರ, ಮೇಲೆ ಬಡ್ಡಿ. ಖರೀದಿ ಪತ್ರದ ಖರ್ಚು ಅಲ್ಲಿಗೆ ಕೂಡಿತು. ಒಂದು ತಿಂಗಳೂ ತಪ್ಪದ ಆ ಪಾಸ್‌ಬುಕ್ ನಿಮ್ಮ ಪಗಾರ ಚೀಟಿಯ ಕೆಲಸ ಮಾಡುತ್ತೆ. ಬ್ಯಾಂಕಿನಲ್ಲಿದ್ದಾಗ ಮನೆ ಸಾಲದ ಅರ್ಜಿ ನೋಡುವುದೇ ನನ್ನ ಕೆಲಸವಾಗಿತ್ತು. ಇಂಥ ಪಾಸ್‌ಬುಕ್ ಮುಂದಿಟ್ಟವರಿಗೆ ಇಲ್ಲ ಅನ್ನಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ನಾಲ್ಕನೇ ತಿಂಗಳಿಗೇ ಕೈ ಸೋತರೆ, 14 ಲಕ್ಷದ ಮನೆ ಭಾರ ಅಂತ ಸಾಲ ಆಗುವ ಮೊದಲೇ ಗೊತ್ತಾಗುತ್ತೆ. ಹಾಗಾದರೆ ಸ್ವಲ್ಪ ಸಣ್ಣ ಮನೆ ನೋಡಿ.

ಅದೇ ವರ್ಷದಲ್ಲಿ ಸಂಘದ ಸಾಲ ತೀರಿಸಿ, ಹೊಸದು ತಗೋಬೇಡಿ. ಮಜೂರಿಯನ್ನು ಖಾತೆಗೇ ಹಾಕಲು ಸಾಹುಕಾರರಿಗೆ ಕೇಳಿ. ಒಪ್ಪದಿದ್ದರೆ ನಗದು ಬಂದ ದಿನವೇ ನೀವೇ ಖಾತೆಗೆ ಕಟ್ಟಿ. ಖಾನಾವಳಿಯವರು ಫೋನ್‌ಪೇ ಮಾಡಲಿ. ರೊಟ್ಟಿ ಕೆಲಸಕ್ಕೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಒಂದು ರೂಪಾಯಿನೂ ಶುಲ್ಕ ಇಲ್ಲ. ಯಜಮಾನರ ನೇಕಾರರ ಗುರುತಿನ ಚೀಟಿ ಜೊತೆಗಿರಲಿ. ಇಬ್ಬರೂ ಆದಾಯ ತೆರಿಗೆ ರಿಟರ್ನ್ ಹಾಕಿ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳಲ್ಲ, ಹೆದರಬೇಡಿ. ಸಾಲಕ್ಕೋಸ್ಕರ ಆದಾಯ ಉಬ್ಬಿಸಿ ಬರೆಸುವ ಏಜೆಂಟರ ಹತ್ತಿರ ಮಾತ್ರ ಹೋಗಬೇಡಿ. ಇದ್ದದ್ದನ್ನು ಇದ್ದಂತೆ ಬರೆಸಿದರೆ ಸಾಕು.

ಒಂದು ಒಳ್ಳೆ ಸುದ್ದಿಯೂ ಇದೆ. ಇಳಕಲ್ ನಗರಸಭೆ ಊರು, ಹಾಗಾಗಿ ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೆಯ ಬಡ್ಡಿ ಸಹಾಯಧನ ಕೇಳಬಹುದು. ಕುಟುಂಬದ ವರ್ಷದ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು. ಸಾಲದ ಮೊದಲ 8 ಲಕ್ಷಕ್ಕೆ 4 ಪರ್ಸೆಂಟ್ ಲೆಕ್ಕದಲ್ಲಿ, ಹೆಚ್ಚೆಂದರೆ 1 ಲಕ್ಷ 80 ಸಾವಿರ, ಐದು ವಾರ್ಷಿಕ ಕಂತಿನಲ್ಲಿ ಸಾಲದ ಖಾತೆಗೆ ಬರುತ್ತೆ. ಅರ್ಜಿ ಕೊಡುವಾಗಲೇ ಬ್ಯಾಂಕಿನವರಿಗೆ ಹೇಳಿ.

ಮನೆ ಮಾರುವವರು ಒಂದು ವರ್ಷ ಕಾಯಲ್ಲ ಅಂದರೆ? ಆ ಮನೆ ಬಿಡಿ ಅಂತಲೇ ನಾನು ಹೇಳುತ್ತೇನೆ. ಕುಣಿಯ ಬಗ್ಗೆ ಈಗಿನ ಮಾಲೀಕರ ಹತ್ತಿರ ಒಂದು ವರ್ಷದ ಗಡುವು ಕೇಳಿ, ಮನೆ ಬಿಡುವಾಗ ನಾವೇ ಮುಚ್ಚಿಸಿ ಕೊಡುತ್ತೇವೆ ಅಂತ ಬರೆದುಕೊಡಿ. ಅದೂ ಆಗದೆ 13 ಪರ್ಸೆಂಟಿಗೇ ಹೋಗುವುದಾದರೆ, ಸಂಘದ ಸಾಲ ಮೊದಲು ತೀರಿಸಿ, ಫ್ಲೋಟಿಂಗ್ ಬಡ್ಡಿಯ (ಆಗಾಗ ಏರಿಳಿಯುವ ಬಡ್ಡಿಯ) ಸಾಲವನ್ನೇ ತಗೊಳ್ಳಿ. ಸ್ವಂತ ಮನೆಯ ಫ್ಲೋಟಿಂಗ್ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಒಂದೆರಡು ವರ್ಷ ಸರಿಯಾಗಿ ಕಟ್ಟಿ, ಆಮೇಲೆ ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಬಹುದು.

ಪ್ರಶ್ನೆ: ತಿಕೋಟಾ ಕಡೆ ದ್ರಾಕ್ಷಿ ತೋಟ ಇದೆ. ಮಕ್ಕಳ ಶಾಲೆಗೆ ಅಂತ ವಿಜಯಪುರದಲ್ಲಿ ಮನೆ ತಗೋಬೇಕು. ಮೂರು ವರ್ಷದ ಹಿಂದೆ ಬೆಳೆ ಸಾಲ ಪೂರ್ತಿ ತೀರಿಸಿದ್ದೇನೆ, ನೋ ಡ್ಯೂ ಪತ್ರ ಇದೆ. ಆದರೂ ಸಿಬಿಲ್‌ನಲ್ಲಿ ಬಾಕಿ ತೋರಿಸುತ್ತಿದೆ.

ಉತ್ತರ: ಇದು ನಿಮ್ಮ ತಪ್ಪಲ್ಲ, ಆದರೆ ಬೆನ್ನು ಹತ್ತಬೇಕಾದವರು ನೀವೇ. ನೋ ಡ್ಯೂ ಪ್ರತಿ ಇಟ್ಟು ಸಿಬಿಲ್ ಜಾಲತಾಣದಲ್ಲೂ ಆ ಬ್ಯಾಂಕಿನಲ್ಲೂ ಲಿಖಿತ ದೂರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದೊಳಗೆ ಸರಿಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಒಂದು ವಿಷಯ ನೋಡಿಕೊಳ್ಳಿ: ನೀವು ಪೂರ್ತಿ ಕಟ್ಟಿದ್ದಾ, ಅಥವಾ ಸ್ವಲ್ಪ ಬಿಡಿಸಿಕೊಂಡು ಒಂದೇ ಸಲ ತೀರಿಸಿದ್ದಾ? ಎರಡನೆಯದಾದರೆ ವರದಿಯಲ್ಲಿ ‘ಸೆಟಲ್ಡ್’ ಅಂತ ಬರುತ್ತೆ. ಅದು ತಪ್ಪು ದಾಖಲೆ ಅಲ್ಲ, ದೂರು ಕೊಟ್ಟರೂ ಹೋಗಲ್ಲ. ಬಿಟ್ಟ ಮೊತ್ತ ಕಟ್ಟಿದರೆ ಬದಲಾಯಿಸುತ್ತೀರಾ ಅಂತ ಬ್ಯಾಂಕಿನಲ್ಲಿ ಕೇಳಿ.

ಆದಾಯ ತೋರಿಸಲು ಉತಾರ (ಪಹಣಿ), ಅದರಲ್ಲಿ ಬೆಳೆಯ ಹೆಸರು, ಒಣದ್ರಾಕ್ಷಿ ಮಾರಿದ ಅಡತ (ದಲಾಲಿ) ಅಂಗಡಿಯ ಪಟ್ಟಿಗಳು ಬೇಕು. ಕನಿಷ್ಠ ಎರಡು ಮೂರು ಹಂಗಾಮಿನವು ಇರಲಿ, ಹಣ ಖಾತೆಗೇ ಬಂದಿರಲಿ. ಮಾಲು ಮಾರಿದ ಮೇಲೆ ಆರು ತಿಂಗಳಿಗೊಮ್ಮೆ ಕಟ್ಟುವ ಕಂತು ಸಿಗುತ್ತಾ ಅಂತ ಕೇಳಿ, ರೈತರಿಗೆ ಕೆಲವು ಬ್ಯಾಂಕ್‌ಗಳು ಕೊಡುತ್ತವೆ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಗುತ್ತಿಗೆ ಕೆಲಸ. ಸಾಲ ಸಿಗಲ್ಲ ಅಂತ ಎನ್‌ಎ (ಕೃಷಿಯೇತರ ಪರಿವರ್ತನೆ) ಆಗದ, ಹೊಲವನ್ನು ತುಂಡು ಮಾಡಿ ಮಾರುವ ಗುಂಟಾ ಪ್ಲಾಟನ್ನು ಬಾಂಡ್ (ಛಾಪಾ ಕಾಗದದ ಕರಾರು) ಮೇಲೆ ತಗೋತಾ ಇದ್ದೇನೆ. ಅಗ್ಗಕ್ಕಿದೆ.

ಉತ್ತರ: ದಯವಿಟ್ಟು ಬೇಡ. ಬಾಂಡ್ ಬರೆಸಿದ ಮಾತ್ರಕ್ಕೆ ಜಾಗ ನಿಮ್ಮದಾಗಲ್ಲ, ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ ಆಗಲೇಬೇಕು. ಎನ್‌ಎ ಆಗದ ಜಾಗದಲ್ಲಿ ಮನೆ ಕಟ್ಟಲು ಬ್ಯಾಂಕ್ ಸಾಲ ಕೊಡಲ್ಲ, ಮುಂದೆ ನಿಮ್ಮಿಂದ ಕೊಳ್ಳುವವರಿಗೂ ಕೊಡಲ್ಲ. ಅಗ್ಗ ಇರುವುದೇ ಅದಕ್ಕೆ. ಗುತ್ತಿಗೆ ಕೆಲಸ ಅಂದಮಾತ್ರಕ್ಕೆ ಸಾಲದ ಬಾಗಿಲು ಮುಚ್ಚಿಲ್ಲ. ನಿಮ್ಮ ಪಿಎಫ್ ಕಟ್ಟುತ್ತಿದ್ದಾರಾ? ಕಟ್ಟುತ್ತಿದ್ದರೆ ಆ ಪಾಸ್‌ಬುಕ್, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಮೊದಲು ಬ್ಯಾಂಕಿಗೆ ಹೋಗಿ ಬನ್ನಿ. ಮುಂಗಡ ಅಂತ ಈಗಾಗಲೇ ಕೊಟ್ಟಿದ್ದರೆ ರಸೀದಿ ಜೋಪಾನ. ಉಳಿದದ್ದನ್ನು ಕೊಡಬೇಡಿ.